ಕೊಡಗಿನ ತೋಟದ ಮನೆಗಳಲ್ಲಿ ಮಹಿಳೆಯರ ಉದ್ಯಮ ಮತ್ತು ಬರವಣಿಗೆ: ಹೆಸರಿನ ಪ್ರಶ್ನೆ

ಮಡಿಕೇರಿಯಿಂದ ವಿರಾಜಪೇಟೆಗೆ ಸಾಗುವ ರಸ್ತೆಯಲ್ಲಿ, ಬೇತ್ರಿಯ ಬಳಿ ಕಾವೇರಿಯನ್ನು ದಾಟುವ ಮೊದಲು ಸಿಗುವ ಊರು ಮೂರ್ನಾಡು. ಕೊಡಗಿನ ಹಳೆಯ ಕೃಷಿ ವ್ಯವಸ್ಥೆಯನ್ನು ಅರಿಯಬಯಸುವವರಿಗೆ ಇದರ ಸುತ್ತಲಿನ ನೆಲವೇ ಒಂದು ಪಾಠದಂತಿದೆ. ತಗ್ಗಿನಲ್ಲಿ ಭತ್ತದ ಗದ್ದೆ, ಅದಕ್ಕೆ ಹೊಂದಿಕೊಂಡ ಏರಿನಲ್ಲಿ ಬಾಣೆ, ಬಾಣೆಯ ಮರಗಳ ನೆರಳಿನಲ್ಲಿ ಕಾಫಿ, ಇವೆಲ್ಲದರ ನಡುವೆ ಒಕ್ಕದ ಐನ್‌ಮನೆ. ಹಾಲೇರಿ ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ದೊರೆತ ಜಮ್ಮಾ ಹಿಡುವಳಿಯನ್ನು 1834ರ ನಂತರ ಬ್ರಿಟಿಷರೂ ಮುಂದುವರಿಸಿದರು. ಈ ಭೂಮಿ ಒಕ್ಕದ ಸಾಮೂಹಿಕ ಸೊತ್ತಾದರೂ ಕಂದಾಯದ ದಾಖಲೆಯಲ್ಲಿ ಕಾಣುತ್ತಿದ್ದುದು ಪಟ್ಟೆದಾರನ ಹೆಸರು. ಪಟ್ಟೆದಾರನು ಸಾಮಾನ್ಯವಾಗಿ ಒಕ್ಕದ ಹಿರಿಯ ಗಂಡಸು. ನಾಟಿ, ಕೊಯ್ಲು, ಹಟ್ಟಿ, ಕಾಫಿ ಒಣಗಿಸುವ ಕಣ ಎಲ್ಲದರಲ್ಲಿಯೂ ಹೆಂಗಸರ ದುಡಿಮೆ ಇತ್ತು. ದಾಖಲೆಯಲ್ಲಿ ಅವರ ಹೆಸರು ಇರಲಿಲ್ಲ. ಗಂಡು ಸಂತಾನವಿಲ್ಲದ ಒಕ್ಕದ ಮಗಳು ತವರಿನಲ್ಲಿಯೇ ಉಳಿದು ಮನೆತನವನ್ನು ಮುಂದುವರಿಸುವ ಒಕ್ಕಪರ್ಜೆ, ಮಕ್ಕಪರ್ಜೆಯಂತಹ ಪದ್ಧತಿಗಳು ಇದ್ದವು ನಿಜ. ಆದರೆ ಅವು ವಂಶ ಅಳಿಯದಂತೆ ನೋಡಿಕೊಳ್ಳುವ ಉಪಾಯಗಳೇ ಹೊರತು ಮಗಳ ಸ್ವತಂತ್ರ ಹಕ್ಕಿನ ಅಂಗೀಕಾರವಲ್ಲ.

ಗ್ರಾಮೀಣ ಕೊಡಗಿನ ಮಹಿಳೆಯರ ಉದ್ಯಮ ಮತ್ತು ಸೃಜನಶೀಲ ಬದುಕಿನ ಇತಿಹಾಸವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ. ದುಡಿಮೆಯ ಫಲ ಯಾರ ಹೆಸರಿನಲ್ಲಿ ಹೊರಲೋಕಕ್ಕೆ ಹೋಯಿತು ಎಂಬುದು ಇಲ್ಲಿ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರವಾಗಿ ಒದಗುವ ಎರಡು ಪ್ರಸಿದ್ಧ ಉದಾಹರಣೆಗಳು ಉತ್ತರ ಕೊಡಗಿನವು: ಸೋಮವಾರಪೇಟೆಯ ದೊಡ್ಡಮನೆ ಸಾಕಮ್ಮ ಮತ್ತು ಸುಂಟಿಕೊಪ್ಪದ ಗೌರಮ್ಮ. ಇಬ್ಬರೂ ಕೊಡವ ಒಕ್ಕಗಳಿಗೆ ಸೇರಿದವರಲ್ಲ. ಇಬ್ಬರೂ ಕಾಫಿ ತೋಟದ ಬದುಕಿಗೆ ಮದುವೆಯ ಮೂಲಕ ಬಂದವರು. ಜಮ್ಮಾ ಕಟ್ಟುಪಾಡಿನ ಹೊರಗೆ ಇದ್ದುದೇ ಅವರಿಗೆ ಒಂದಿಷ್ಟು ಅವಕಾಶವನ್ನು ತೆರೆದಿತೆಂದು ತರ್ಕಿಸಬಹುದು.

ಸಾಕಮ್ಮ 1880ರಲ್ಲಿ ತುಮಕೂರು ಸೀಮೆಯ ಬಿದರೆಯಲ್ಲಿ ಹುಟ್ಟಿದರು. ಬಡತನದ ಕಾರಣ ಕುಟುಂಬ ಬೆಂಗಳೂರಿಗೆ ಬಂದಿತು. ಅಲ್ಲಿ ಓದಿದ ಈ ಹುಡುಗಿಯನ್ನು ಹದಿನಾರನೆಯ ವಯಸ್ಸಿನಲ್ಲಿ ಸೋಮವಾರಪೇಟೆಯ ಶ್ರೀಮಂತ ಕಾಫಿ ಬೆಳೆಗಾರ ದೊಡ್ಡಮನೆ ಚಿಕ್ಕಬಸಪ್ಪಶೆಟ್ಟರಿಗೆ ಮೂರನೆಯ ಹೆಂಡತಿಯಾಗಿ ಕೊಡಲಾಯಿತು. ಕೆಲವೇ ವರ್ಷಗಳಲ್ಲಿ ಶೆಟ್ಟರು ತೀರಿಕೊಂಡರು. ಇನ್ನೂ ಹರೆಯದ ವಿಧವೆಯ ಮೇಲೆ ವಿಸ್ತಾರವಾದ ತೋಟದ ಹೊಣೆ ಬಿತ್ತು. ಅಂದಿನ ಹಿಂದೂ ಕಾನೂನು ವಿಧವೆಗೆ ಗಂಡನ ಸ್ಥಿರಾಸ್ತಿಯಲ್ಲಿ ಒಪ್ಪುತ್ತಿದ್ದುದು ಹೆಚ್ಚೆಂದರೆ ಜೀವಿತಾವಧಿಯ ಸೀಮಿತ ಹಕ್ಕನ್ನು. ಮನಬಂದಂತೆ ಮಾರುವ, ದಾನ ಮಾಡುವ ಅಧಿಕಾರ ಅದರಲ್ಲಿ ಇರಲಿಲ್ಲ. ಭೂಮಿಯ ಆದಾಯದಿಂದ ಬೇರೊಂದು ಉದ್ಯಮವನ್ನು ಕಟ್ಟಿದರೆ ಅದರ ಸ್ಥಿತಿ ಬೇರೆ. ಸಾಕಮ್ಮನವರ ಮುಂದಿನ ನಡೆಯನ್ನು ಈ ದೃಷ್ಟಿಯಿಂದ ನೋಡಿದಾಗ ಅದರ ಜಾಣ್ಮೆ ಸ್ಪಷ್ಟವಾಗುತ್ತದೆ.

ಕೊಡಗಿನಲ್ಲಿ ಮೊದಲ ಯುರೋಪಿಯನ್ ತೋಟ ತಲೆಯೆತ್ತಿದ್ದು 1854ರಲ್ಲಿ. ಅಂದಿನಿಂದ ಇಲ್ಲಿನ ಕಾಫಿ ಬಹುಮಟ್ಟಿಗೆ ಘಟ್ಟ ಇಳಿದು ಮಂಗಳೂರು, ತಲಶ್ಶೇರಿಗಳ ಸಂಸ್ಕರಣ ಕೇಂದ್ರಗಳನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಹೋಗುತ್ತಿತ್ತು. ಬೆಳೆಗಾರನಿಗೆ ಉಳಿಯುತ್ತಿದ್ದುದು ಹಸಿಬೀಜದ ಬೆಲೆ ಮಾತ್ರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಪಟ್ಟಣಗಳಲ್ಲಿ ಕಾಫಿ ಕುಡಿಯುವ ಚಟ ಮನೆಮನೆಗೆ ಹಬ್ಬುತ್ತಿತ್ತು. ಇದನ್ನು ಗಮನಿಸಿದ ಸಾಕಮ್ಮ 1920ರ ದಶಕದಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿ ಹುರಿದು ಪುಡಿ ಮಾಡಿ ಮಾರುವ ಕಾರ್ಖಾನೆಯನ್ನು ತೆರೆದರು. ತೋಟ ಬ್ರಿಟಿಷ್ ಆಡಳಿತದ ಕೊಡಗಿನಲ್ಲಿ, ಕಾರ್ಖಾನೆ ಮೈಸೂರು ಅರಸರ ರಾಜ್ಯದಲ್ಲಿ. ಎರಡು ಆಡಳಿತಗಳ ನಡುವೆ ಗಿಡದಿಂದ ಲೋಟದವರೆಗಿನ ಹಾದಿಯನ್ನು ಒಬ್ಬ ಹೆಂಗಸು ತನ್ನ ಕೈಯಲ್ಲಿ ಹಿಡಿದದ್ದು ಸಣ್ಣ ಮಾತಲ್ಲ. ಆ ಪುಡಿಗೆ ದೊಡ್ಡಮನೆಯ ಹೆಸರಾಗಲಿ, ಶೆಟ್ಟರ ಹೆಸರಾಗಲಿ ನಿಲ್ಲಲಿಲ್ಲ. ಅದು ಸಾಕಮ್ಮನ ಕಾಫಿಪುಡಿ. ಜನರ ಬಾಯಲ್ಲಿ ಅವರು ಕಾಫಿಪುಡಿ ಸಾಕಮ್ಮ. 1928ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ನಾಮಕರಣಗೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರು ‘ಲೋಕಸೇವಾಪರಾಯಣೆ’ ಎಂಬ ಬಿರುದನ್ನೂ, ಬ್ರಿಟಿಷ್ ಸರ್ಕಾರ ಕೈಸರ್-ಇ-ಹಿಂದ್ ಪದಕವನ್ನೂ ನೀಡಿದವು. ತಮ್ಮ ಕುರುಹಿನಶೆಟ್ಟಿ ಸಮುದಾಯದ ವಿದ್ಯಾರ್ಥಿಗಳಿಗಾಗಿ ವಿದ್ಯಾರ್ಥಿನಿಲಯವನ್ನು ಕಟ್ಟಿಸಿದ ಅವರು 1950ರಲ್ಲಿ ನಿಧನರಾದರು.

ಈ ಮಾದರಿಯನ್ನು ಕೊಡಗಿನ ಇತರ ಮಹಿಳೆಯರು ಏಕೆ ಅನುಸರಿಸಲಿಲ್ಲವೆಂದು ಕೇಳುವವರು ಸಾಮಾನ್ಯವಾಗಿ ಸಂಪ್ರದಾಯವನ್ನು ದೂರುತ್ತಾರೆ. ಸಂಪ್ರದಾಯದಷ್ಟೇ ಮಾರುಕಟ್ಟೆಯ ನಿಯಂತ್ರಣವೂ ಇದಕ್ಕೆ ಕಾರಣ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ, 1942ರಲ್ಲಿ ಕಾಯಿದೆ ತಂದು ಕಾಫಿ ಮಾರಾಟವನ್ನು ಮಂಡಳಿಯ ಹಿಡಿತಕ್ಕೆ ಒಪ್ಪಿಸಿತು. ಬೆಳೆಗಾರರು ತಮ್ಮ ಫಸಲನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಬೆಲೆ ಕುಸಿತದಿಂದ ಈ ವ್ಯವಸ್ಥೆ ಬೆಳೆಗಾರರನ್ನು ಕಾಪಾಡಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ತನ್ನ ತೋಟದ ಕಾಫಿಯನ್ನು ತಾನೇ ಹುರಿದು ತನ್ನ ಹೆಸರಿನಲ್ಲಿ ಮಾರುವ ದಾರಿ ಇದರಿಂದ ಮುಚ್ಚಿತು. 1992ರಲ್ಲಿ ಸಡಿಲಿಕೆ ಆರಂಭವಾಗಿ 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಸಾಕಮ್ಮನವರ ದಾರಿ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಬೆಳೆಗಾರ ಮಹಿಳೆಯರ ಪಾಲಿಗೆ ಕಾನೂನಿನ ಅಡ್ಡಗೋಡೆಯ ಆಚೆ ಇತ್ತು.

ಗೌರಮ್ಮನವರ ಕಥೆ ಬೇರೆ ಬಗೆಯದು. 1912ರಲ್ಲಿ ಮಡಿಕೇರಿಯಲ್ಲಿ ವಕೀಲ ಎನ್. ಎಸ್. ರಾಮಯ್ಯನವರ ಮಗಳಾಗಿ ಹುಟ್ಟಿ, ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ಕಾನ್ವೆಂಟ್ ಶಾಲೆಯಲ್ಲಿ ಓದಿದ ಅವರು ಬಿ. ಟಿ. ಗೋಪಾಲಕೃಷ್ಣ ಅವರನ್ನು ಮದುವೆಯಾಗಿ ಸುಂಟಿಕೊಪ್ಪದ ತೋಟದ ಮನೆಗೆ ಬಂದರು. ಗೋಪಾಲಕೃಷ್ಣರು ಮಂಜುನಾಥಯ್ಯನವರ ತೋಟದ ವ್ಯವಸ್ಥಾಪಕರು. ಎಂದರೆ ಗೌರಮ್ಮ ವಾಸವಾಗಿದ್ದ ನೆಲ ಗಂಡನದೂ ಆಗಿರಲಿಲ್ಲ. ಟೆನ್ನಿಸ್ ಆಡುತ್ತಿದ್ದ, ಈಜುತ್ತಿದ್ದ, ಹಿಂದಿ ಕಲಿತಿದ್ದ ಈ ತರುಣಿ 1930ರ ದಶಕದ ಆರಂಭದಿಂದ ಕಥೆಗಳನ್ನು ಬರೆದರು. ಅವು ಪತ್ರಿಕೆಗಳಲ್ಲಿ ಅಚ್ಚಾದಾಗ ಕೆಳಗಿದ್ದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಸಾಕಮ್ಮನವರ ಹೆಸರು ಪೊಟ್ಟಣದ ಮೇಲೆ ನಿಂತಿದ್ದ ಕಾಲದಲ್ಲಿಯೇ, ಅದೇ ಕಾಫಿ ಸೀಮೆಯಿಂದ ಹೊರಟ ಕಥೆಗಳು ಲೇಖಕಿಯ ಹೆಸರನ್ನು ಗಂಡನ ಇನಿಷಿಯಲ್ಲುಗಳ ಹಿಂದೆ ಇಟ್ಟುಕೊಂಡವು. ಇದನ್ನು ಬರಿಯ ಸಂಕೋಚವೆಂದು ತಳ್ಳಿಹಾಕುವಂತಿಲ್ಲ. ವಿಧವೆಯ ಮರುಮದುವೆ, ಜಾತಿ ಮೀರಿದ ಪ್ರೇಮ, ಗಂಡಸು ಕೈಬಿಟ್ಟ ಹೆಣ್ಣಿನ ಗತಿ ಇತ್ಯಾದಿ ವಿಷಯಗಳನ್ನು ಎತ್ತಿಕೊಂಡ ಮದುವೆಯಾದ ಯುವತಿಗೆ ಆ ಹೆಸರು ಒಂದು ಕೊಡೆಯೂ ಆಗಿದ್ದಿರಬೇಕು. ‘ಅಪರಾಧಿ ಯಾರು?’ ಎಂಬ ಶೀರ್ಷಿಕೆಯೇ ಅವರ ಕಥನದ ನಿಲುವನ್ನು ಸಾರುತ್ತದೆ. ‘ವಾಣಿಯ ಸಮಸ್ಯೆ’ಯಲ್ಲಿ ನೆರೆಮನೆಯ ತರುಣ ವಿಧವೆಯ ಇರವು ಒಂದು ಸುಖೀ ಸಂಸಾರದ ನೆಮ್ಮದಿಯನ್ನೇ ಪ್ರಶ್ನೆಗೆ ಒಡ್ಡುತ್ತದೆ.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯ ಅಂಗವಾಗಿ ಕೊಡಗಿಗೆ ಬಂದರು. ಅವರು ತಮ್ಮ ಮನೆಗೆ ಬರಲೇಬೇಕೆಂದು ಗೌರಮ್ಮ ಉಪವಾಸ ಕೂತರು. ಗಾಂಧೀಜಿ ಬಂದಾಗ ಮಂಗಳಸೂತ್ರ, ಓಲೆ, ಮೂಗುಬೊಟ್ಟುಗಳನ್ನು ಉಳಿದು ಮಿಕ್ಕ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. ಈ ಪ್ರಸಂಗವನ್ನು ತ್ಯಾಗದ ನಿದರ್ಶನವೆಂದು ಹೇಳುವುದು ರೂಢಿ. ಆಸ್ತಿಯ ಇತಿಹಾಸದ ದೃಷ್ಟಿಯಿಂದ ಇನ್ನೊಂದು ಅಂಶವನ್ನು ಸೇರಿಸಬೇಕು: ಅಂದಿನ ಹೆಣ್ಣಿಗೆ ನಿರ್ವಿವಾದವಾಗಿ ತನ್ನದೆಂದು ಹೇಳಿಕೊಳ್ಳಲು ಇದ್ದುದು ಸ್ತ್ರೀಧನವೊಂದೇ. ಕೊಡುವ ಅಧಿಕಾರವಿದ್ದುದೂ ಅದನ್ನು ಮಾತ್ರ.

1939ರ ಏಪ್ರಿಲ್ 13ರಂದು ಈಜುವಾಗ ನೀರಿನ ಸುಳಿಗೆ ಸಿಕ್ಕಿ ಗೌರಮ್ಮ ತೀರಿಕೊಂಡಾಗ ಅವರಿಗೆ 27 ವರ್ಷ. ‘ಕಂಬನಿ’, ‘ಚಿಗುರು’ ಸಂಕಲನಗಳು ಅವರ ಬರವಣಿಗೆಯನ್ನು ಉಳಿಸಿದವು. ಅವರನ್ನು ತಂಗಿಯೆಂದು ಕರೆದ ದ. ರಾ. ಬೇಂದ್ರೆ ಅವರ ನೆನಪಿನಲ್ಲಿ ಕವಿತೆ ಬರೆದರು. ಮಿಸೆಸ್ ಕೃಷ್ಣ ಅಲ್ಲಿಂದ ಮುಂದೆ ‘ಕೊಡಗಿನ ಗೌರಮ್ಮ’ ಆದರು. ಗಂಡನ ಹೆಸರು ಕಳಚಿ ನಾಡಿನ ಹೆಸರು ಸೇರಿದ್ದು ಸಾವಿನ ನಂತರ. ಮಡಿಕೇರಿಯ ದೀಪಾ ಭಾಸ್ತಿ ಅವರ ಕಥೆಗಳನ್ನು ಇಂಗ್ಲಿಷಿಗೆ ಅನುವಾದಿಸಿ 2023ರಲ್ಲಿ ಪ್ರಕಟಿಸಿದರು. ಇದೇ ಅನುವಾದಕಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕಾಗಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಲೇಖಕಿಯೊಂದಿಗೆ ಹಂಚಿಕೊಂಡರು.

ಇಬ್ಬರ ಕಥನದಲ್ಲಿಯೂ ಕಾಣದ ಇನ್ನೊಂದು ವರ್ಗವಿದೆ. ಎರವ, ಕುರುಬ ಮೊದಲಾದ ಸಮುದಾಯಗಳ ಹಾಗೂ ಹೊರಗಿನಿಂದ ಕೆಲಸಕ್ಕೆ ಬಂದ ಹೆಂಗಸರು ಕಾಫಿ ಹಣ್ಣು ಕೊಯ್ದರು. ತೋಟದ ಚೆಕ್‌ರೋಲಿನ ಹಾಜರಾತಿಯ ಆಚೆಗೆ ಅವರ ಹೆಸರು ಹೋಗಲಿಲ್ಲ. ಸಾಕಮ್ಮನ ಕಾಫಿಪುಡಿಯ ಹಿಂದೆಯೂ ಆ ಕೈಗಳಿದ್ದವು.

ಸ್ವಾತಂತ್ರ್ಯಾನಂತರ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವಿಧವೆಯ ಸೀಮಿತ ಹಕ್ಕನ್ನು ಪೂರ್ಣ ಹಕ್ಕಾಗಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಹೆಣ್ಣುಮಕ್ಕಳಿಗೆ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದ ಪಾಲು ನೀಡಿದ ಕರ್ನಾಟಕದ 1994ರ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಕಾಫಿ ಮಾರಾಟ ಮುಕ್ತವಾದದ್ದೂ, ಹೆಣ್ಣಿನ ಪಾಲು ಕಾನೂನಿನಲ್ಲಿ ಗಟ್ಟಿಯಾದದ್ದೂ ಹೀಗೆ ಹೆಚ್ಚುಕಡಿಮೆ ಒಂದೇ ದಶಕದ ಮಾತು. ಶತಮಾನದ ತಿರುವಿನಲ್ಲಿ ಕಾಫಿ ಬೆಲೆ ಪಾತಾಳ ಕಂಡಾಗ ತೋಟದ ಮನೆಗಳು ಹೋಂಸ್ಟೇಗಳಾಗಿ ಬಾಗಿಲು ತೆರೆದವು. ಅಲ್ಲಿ ಅತಿಥಿಗಳನ್ನು ಕರೆತಂದದ್ದು ಬಹುಪಾಲು ಮನೆಯೊಡತಿಯ ಅಡುಗೆ.

ಈ ಅಡುಗೆಮನೆಯಿಂದ ಹೊರಬಂದ ಸರಕುಗಳಲ್ಲಿ ಕಾಚಂಪುಳಿ ಗಮನಾರ್ಹವಾದುದು. ಮಳೆಗಾಲದಲ್ಲಿ ಹಣ್ಣಾಗುವ ಪನಪುಳಿಯನ್ನು ಬುಟ್ಟಿಯಲ್ಲಿ ಒಟ್ಟಿ, ಕೆಳಗಿನ ಪಾತ್ರೆಗೆ ತೊಟ್ಟಿಕ್ಕುವ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿಯಾಗಿಸುವ ಈ ಹುಳಿ ಒಂದು ಕಾಲದಲ್ಲಿ ಮನೆಬಳಕೆಯ, ನೆಂಟರಿಗೆ ಕೊಡುವ ವಸ್ತು. ಇಂದು ಅದು ಜೇನು, ಕಾಳುಮೆಣಸು, ಮನೆಯಲ್ಲಿ ಹುರಿದ ಕಾಫಿಪುಡಿಗಳ ಜೊತೆ ಸೀಸೆ ಸೇರಿ ಅಂಗಡಿಗೆ ಬರುತ್ತದೆ. ಇಂತಹ ವ್ಯಾಪಾರಕ್ಕೆ ಬೇಕಾದ ಆಹಾರ ಸುರಕ್ಷತಾ ಪರವಾನಗಿಯನ್ನು ಮಹಿಳೆ ತನ್ನ ಹೆಸರಿನಲ್ಲಿಯೇ ಪಡೆಯಬಹುದು. ಅದಕ್ಕೆ ಭೂಮಿಯ ಒಡೆತನ ಬೇಕಿಲ್ಲ. ಆದರೆ ಅದೇ ಮಹಿಳೆ ಕಾಫಿ ಗಿಡಗಳನ್ನು ಹೊಸದಾಗಿ ನೆಡಲು, ಕಣ ಕಟ್ಟಲು ಭೂಮಿಯ ಆಧಾರದ ಮೇಲೆ ಬ್ಯಾಂಕಿನ ಸಾಲ ಬಯಸಿದರೆ ಪಹಣಿ ತೋರಿಸಬೇಕಾಗುತ್ತದೆ. ಜಮ್ಮಾ ಬಾಣೆಯ ಪಹಣಿಗಳಲ್ಲಿ ಎಷ್ಟೋ ಕಡೆ ಇಂದಿಗೂ ಮುಂದುವರಿದಿರುವುದು ಎರಡು ಮೂರು ತಲೆಮಾರಿನ ಹಿಂದೆ ತೀರಿಕೊಂಡ ಪಟ್ಟೆದಾರನ ಹೆಸರು.