ವೆಸ್ಟ್ ಬ್ಲಾಕ್ ಎಂಬ ಹೆಸರು ಬಂದದ್ದೆಲ್ಲಿಂದ? ಬೆಂಗಳೂರಿನ ಹಳೇ ಫುಟ್‌ಬಾಲ್ ಸ್ಟೇಡಿಯಂನ ಕಥೆ

ಬೆಂಗಳೂರು ಎಫ್‌ಸಿ ಪಂದ್ಯಗಳನ್ನು ನೋಡುವವರಿಗೆ 'ವೆಸ್ಟ್ ಬ್ಲಾಕ್ ಬ್ಲೂಸ್' ಹೆಸರು ಚಿರಪರಿಚಿತ. ನೀಲಿ ಜೆರ್ಸಿ ತೊಟ್ಟು, ಡ್ರಮ್ ಬಾರಿಸುತ್ತಾ, ಪಂದ್ಯ ಮುಗಿಯುವವರೆಗೂ ನಿಂತುಕೊಂಡೇ ಹಾಡುವ ಅಭಿಮಾನಿ ಬಳಗ ಅದು. ಈ ಬಳಗ ಕಂಠೀರವ ಕ್ರೀಡಾಂಗಣದಲ್ಲೇ ಹುಟ್ಟಿತೆಂದು ಹೊಸ ಪ್ರೇಕ್ಷಕರು ಅಂದುಕೊಳ್ಳುವುದು ಸಹಜ. ಆದರೆ ಹೆಸರಿನಲ್ಲಿರುವ ಆ 'ವೆಸ್ಟ್ ಬ್ಲಾಕ್' ಇರುವುದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿನ ಪಶ್ಚಿಮ ದಿಕ್ಕಿನ ಗ್ಯಾಲರಿಯೇ ಈ ಬಳಗದ ಮೊದಲ ಮನೆ. ಕ್ಲಬ್ ಆ ಮೈದಾನದಲ್ಲಿ ಆಡಿದ್ದು ಒಂದೇ ಒಂದು ಸೀಸನ್. ಅಭಿಮಾನಿಗಳು ಹೊರಟಾಗ ಗ್ಯಾಲರಿಯ ಹೆಸರನ್ನೂ ಕಟ್ಟಿಕೊಂಡು ಹೋದರು.

ಗರುಡಾ ಮಾಲ್‌ಗೆ ಹತ್ತಿರದಲ್ಲಿರುವ ಈ ಸ್ಟೇಡಿಯಂ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ನೆಲೆ. ಸುಮಾರು 8,400 ಮಂದಿ ಕೂರಬಹುದಾದ ಪುಟ್ಟ ಜಾಗ. ಬ್ರಿಗೇಡ್ ರಸ್ತೆಗೆ ಶಾಪಿಂಗ್‌ಗೆ ಬಂದವರಲ್ಲಿ ಎಷ್ಟೋ ಮಂದಿ ಇಷ್ಟು ಸಮೀಪದಲ್ಲಿ ಒಂದು ಫುಟ್‌ಬಾಲ್ ಮೈದಾನವಿದೆ ಎಂಬುದನ್ನು ಗಮನಿಸದೆಯೇ ವಾಪಸಾಗುತ್ತಾರೆ. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಆ ಭಾಗ್ಯವೋ ದೌರ್ಭಾಗ್ಯವೋ ಇಲ್ಲ.

ಕಂಟೋನ್ಮೆಂಟಿನ ಆಟ

ಕೊಡಗಿಗೆ ಹಾಕಿ ಹೇಗೋ, ಬೆಂಗಳೂರಿನ ಕಂಟೋನ್ಮೆಂಟ್ ಭಾಗಕ್ಕೆ ಫುಟ್‌ಬಾಲ್ ಹಾಗೆ. ಬ್ರಿಟಿಷ್ ಪಡೆಗಳು ಇಲ್ಲಿ ಬೀಡುಬಿಟ್ಟಿದ್ದರಿಂದ ಆಟ ಬಂತು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರದ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಬ್ರೆಜಿಲ್‌ನ ಪೆಲೆ ಪ್ರತಿಮೆಯೂ ಇದೆ. ದೇಶದಲ್ಲಿ ಇಂಥ ನೋಟ ಕಾಣಸಿಗುವ ಬೀದಿಗಳು ತೀರಾ ಕಡಿಮೆ.

ಇಲ್ಲಿನ ಫುಟ್‌ಬಾಲ್ ಎಷ್ಟು ಹಳೆಯದು, ಎಷ್ಟು ದೊಡ್ಡದು ಎಂಬುದಕ್ಕೆ 1937ರ ರೋವರ್ಸ್ ಕಪ್ ಒಂದೇ ಸಾಕು. 1891ರಲ್ಲಿ ಮುಂಬೈನಲ್ಲಿ ಶುರುವಾದ ಈ ಟೂರ್ನಿಯನ್ನು ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತಿದ್ದವು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕೋಲ್ಕತ್ತಾದ್ದಲ್ಲ, ನಮ್ಮ 'ಬೆಂಗಳೂರು ಮುಸ್ಲಿಮ್ಸ್'. ಫೈನಲ್‌ನಲ್ಲಿ ಸೋತದ್ದು ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ಬಾರಿ ಕಲ್ಕತ್ತಾ ಲೀಗ್ ಗೆದ್ದ, ಆ ಕಾಲದ ಅತಿ ಬಲಿಷ್ಠ ತಂಡ ಅದು. ಮರುವರ್ಷ 1938ರಲ್ಲಿಯೂ ಕಪ್ ಬೆಂಗಳೂರಿಗೇ ಬಂತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಟಾಫರ್ಡ್ ಕಪ್ ಟೂರ್ನಿ ಆರಂಭವಾಯಿತು.

ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಸಲ ಚಾಂಪಿಯನ್ ಪಟ್ಟ ದಕ್ಕಿತು: 1946-47, 1952-53, 1967-68 ಮತ್ತು 1968-69. ನಾಲ್ಕೂ ಫೈನಲ್‌ಗಳಲ್ಲಿ ಎದುರಾಳಿ ಬಂಗಾಳ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ಎರಡು ಪೆನಾಲ್ಟಿಗಳು ಕೈತಪ್ಪಿದ್ದು ಅಂದಿನ ದುರದೃಷ್ಟ. ಹೆಚ್ಚಿನವರು ಬರಿಗಾಲಲ್ಲೇ ಆಡಿದ ಆ ತಂಡದ ಪರ ಬಂದ ಏಕೈಕ ಗೋಲು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್ ಅವರದು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಕೂಡ ಅದೇ. ಕ್ರಿಕೆಟ್‌ನ ಸಣ್ಣಪುಟ್ಟ ದಾಖಲೆಗಳನ್ನೂ ಬಾಯಿಪಾಠ ಮಾಡುವ ಊರಿನಲ್ಲಿ ಈ ಹೆಸರು ಎಷ್ಟು ಜನರಿಗೆ ನೆನಪಿದೆಯೋ! ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರಲ್ಲಿ ಒಬ್ಬರಾದ ಅಹ್ಮದ್ ಖಾನ್, 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ, ಮುಂದೆ ಭಾರತ ತಂಡದ ನಾಯಕರಾದ ಕಾರ್ಲ್‌ಟನ್ ಚಾಪ್‌ಮನ್ ಎಲ್ಲರೂ ಬೆಂಗಳೂರಿನವರೇ.

ಇವರಲ್ಲಿ ಬಹುತೇಕರಿಗೆ ಹೆಸರು, ಹಣ ಎರಡೂ ಸಿಕ್ಕಿದ್ದು ಕೋಲ್ಕತ್ತಾದಲ್ಲಿ. ಊರಲ್ಲೇ ಉಳಿದವರಿಗೆ ಆಸರೆಯಾದದ್ದು ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ವಲಯದ ಕಾರ್ಖಾನೆಗಳು ಮತ್ತು ಎಂಇಜಿ, ಎಎಸ್‌ಸಿಯಂಥ ಸೇನಾ ತಂಡಗಳು. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ನೌಕರಿ. ಕೆಲಸದ ಜೊತೆಗೆ ಅಭ್ಯಾಸ, ಲೀಗ್ ಪಂದ್ಯ. ಗ್ಯಾಲರಿಯಲ್ಲಿ ಸಹೋದ್ಯೋಗಿಗಳು, ನೆಂಟರು, ಒಂದೇ ಬೀದಿಯವರು. ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನ ಹಳೆಯ ಪ್ರೇಕ್ಷಕ ವರ್ಗ ರೂಪುಗೊಂಡದ್ದು ಹೀಗೆ. ಕಾರ್ಖಾನೆಗಳಲ್ಲಿ ಆಟಗಾರರ ನೇಮಕಾತಿ ಕಡಿಮೆಯಾದಂತೆ ಗ್ಯಾಲರಿಯೂ ಖಾಲಿಯಾಗತೊಡಗಿತು. 2010-11 ಮತ್ತು 2011-12ರಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ನಲ್ಲಿ ಆಡಿ ಕೆಳಗಿಳಿಯಿತು. ಅಲ್ಲಿಗೆ ದೇಶದ ಅಗ್ರ ಲೀಗ್‌ನಲ್ಲಿ ಬೆಂಗಳೂರಿನ ಹೆಸರೇ ಇಲ್ಲದಂತಾಯಿತು.

ಆ ಒಂದು ಸೀಸನ್

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯೂ ಸಮೂಹ ಬೆಂಗಳೂರು ಎಫ್‌ಸಿ ಸ್ಥಾಪಿಸಿದಾಗ ಅನುಮಾನಪಟ್ಟವರೇ ಹೆಚ್ಚು. ಕೆಳಗಿನ ಡಿವಿಷನ್ ಆಡದೆ ನೇರವಾಗಿ ಐ-ಲೀಗ್‌ಗೆ ಪ್ರವೇಶ, ಇಂಗ್ಲೆಂಡಿನ ಕೋಚ್ ಆಶ್ಲೇ ವೆಸ್ಟ್‌ವುಡ್, ಸುನಿಲ್ ಚೆಟ್ರಿಯಂಥ ತಾರೆ. ಎಲ್ಲವೂ ಇತ್ತು, ಅಭಿಮಾನಿಗಳು ಇನ್ನೂ ಹುಟ್ಟಬೇಕಿತ್ತು.

ಸೆಪ್ಟೆಂಬರ್ 22ರಂದು ಅಶೋಕನಗರದಲ್ಲಿ ಮೊದಲ ಪಂದ್ಯ. ಎದುರಿಗೆ ಶತಮಾನ ದಾಟಿದ ಮೋಹನ್ ಬಗಾನ್. ಶಾನ್ ರೂನಿ ಕ್ಲಬ್ಬಿನ ಚೊಚ್ಚಲ ಗೋಲು ಹೊಡೆದರು, ಪಂದ್ಯ 1-1ರಲ್ಲಿ ಮುಗಿಯಿತು. ಕಂಟೋನ್ಮೆಂಟಿನ ಹಳೇ ಫುಟ್‌ಬಾಲ್ ಪ್ರೇಮಿಗಳೂ, ಅಲ್ಲಿಯವರೆಗೆ ರಾತ್ರಿ ಜಾಗರಣೆ ಮಾಡಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡುತ್ತಿದ್ದ ಹೊಸ ತಲೆಮಾರಿನವರೂ ಒಂದೇ ಗ್ಯಾಲರಿಯಲ್ಲಿ ಅಕ್ಕಪಕ್ಕ ಕೂತರು. ಪಶ್ಚಿಮ ಗ್ಯಾಲರಿಯಲ್ಲಿ ಸೇರುತ್ತಿದ್ದ ಗುಂಪು ತನಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಿಟ್ಟುಕೊಂಡಿತು.

ಆ ಸೀಸನ್ ಕಂಡವರು ಇವತ್ತಿಗೂ ಮೆಲುಕು ಹಾಕುವುದು ಮೈದಾನದ ಸಾಮೀಪ್ಯವನ್ನು. ಇಲ್ಲಿ ಓಟದ ಟ್ರ್ಯಾಕ್ ಇಲ್ಲ. ಗ್ಯಾಲರಿಗೂ ಗೆರೆಗೂ ನಡುವೆ ಕೆಲವೇ ಹೆಜ್ಜೆ. ಕೋಚ್ ಕೂಗುವುದು ಕೇಳುತ್ತದೆ, ಚೆಂಡಿಗೆ ಕಾಲು ತಾಗಿದ ಸದ್ದೂ ಕೇಳುತ್ತದೆ. ಪ್ರೇಕ್ಷಕರ ಗದ್ದಲ ಆಟಗಾರರ ಕಿವಿಗೇ ಬೀಳುತ್ತದೆ. ಕೃತಕ ಹುಲ್ಲುಹಾಸಿನ ಬಗ್ಗೆ, ಕುರ್ಚಿಗಳ ಬಗ್ಗೆ, ಹಳೆಯದಾದ ಕಟ್ಟಡದ ಬಗ್ಗೆ ಗೊಣಗಾಟ ಇದ್ದೇ ಇತ್ತು. ಆದರೆ ಏಳೆಂಟು ಸಾವಿರ ಜನ ಸೇರಿದರೆ ತುಂಬಿ ತುಳುಕುವ ಮೈದಾನ ಕೊಡುವ ಕಾವು ದೊಡ್ಡ ಕ್ರೀಡಾಂಗಣದಲ್ಲಿ ಅಷ್ಟೇ ಜನರಿಂದ ಬರುವುದಿಲ್ಲ.

2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಮಣಿಸಿ ಬೆಂಗಳೂರು ಎಫ್‌ಸಿ ಚಾಂಪಿಯನ್ ಆಯಿತು. ಮೊದಲ ಸೀಸನ್‌ನಲ್ಲೇ ಲೀಗ್ ಪ್ರಶಸ್ತಿ! ಮುಂದಿನ ಸೀಸನ್ ಹೊತ್ತಿಗೆ ತಂಡ ಕಂಠೀರವಕ್ಕೆ ಮನೆ ಬದಲಿಸಿತು.

ಕಂಠೀರವದಲ್ಲಿ ಸಿಕ್ಕಿದ್ದು, ಸಿಗದಿದ್ದು

ಲೆಕ್ಕ ಹಾಕಿದರೆ ಕ್ಲಬ್ಬಿನ ನಿರ್ಧಾರ ತಪ್ಪೆನ್ನಲಾಗದು. ಸುಮಾರು 25,000 ಪ್ರೇಕ್ಷಕರ ಸಾಮರ್ಥ್ಯ, ಸಹಜ ಹುಲ್ಲು, ಫ್ಲಡ್‌ಲೈಟ್. ಏಷ್ಯಾ ಮಟ್ಟದ ಪಂದ್ಯಗಳಿಗೆ ಇಂಥ ಸೌಲಭ್ಯ ಬೇಕೇ ಬೇಕು. 2016ರ ಅಕ್ಟೋಬರ್ 19ರಂದು ಇಲ್ಲಿಯೇ ಮಲೇಷ್ಯಾದ ಜೋಹರ್ ದಾರುಲ್ ತಾಜಿಂ ತಂಡವನ್ನು 3-1ರಿಂದ ಸೋಲಿಸಿ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. ದೋಹಾದ ಫೈನಲ್‌ನಲ್ಲಿ ಇರಾಕ್ ವಾಯುಪಡೆ ತಂಡದೆದುರು 0-1ರಿಂದ ಸೋಲಾಯಿತು.

ಆದರೆ ಕಂಠೀರವ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಅಥ್ಲೀಟ್‌ಗಳು ಅಭ್ಯಾಸಕ್ಕೆ ಜಾಗ ಕೇಳುವುದೂ, ಫುಟ್‌ಬಾಲ್‌ನವರು ಪಂದ್ಯದ ದಿನ ಕೇಳುವುದೂ ತಿಕ್ಕಾಟಕ್ಕೆ ಕಾರಣವಾಗಿ ವಿವಾದ ಕೋರ್ಟ್ ಮೆಟ್ಟಿಲನ್ನೂ ಏರಿತ್ತು. ವೆಸ್ಟ್ ಬ್ಲಾಕ್ ಬ್ಲೂಸ್ ಇಲ್ಲಿಯೂ ಹೆಸರು ಬದಲಿಸಲಿಲ್ಲ.

ಮುಂಬೈನಲ್ಲೂ ಇದೇ ಕಥೆ

ಠಾಣೆಯ ಘೋಡಬಂದರ್ ರಸ್ತೆಯಲ್ಲೋ ಡೊಂಬಿವಲಿಯಲ್ಲೋ ಇರುವ ಕನ್ನಡಿಗ ಫುಟ್‌ಬಾಲ್ ಪ್ರಿಯರಿಗೆ ಇದು ಹೊಸದೆನಿಸಲಿಕ್ಕಿಲ್ಲ. ರೋವರ್ಸ್ ಕಪ್‌ನ ತವರಾಗಿದ್ದ ದಕ್ಷಿಣ ಮುಂಬೈನ ಕೂಪರೇಜ್ ಮೈದಾನಕ್ಕೂ ಇದೇ ಪಾಡು. ಟೂರ್ನಿ 2000ದ ದಶಕದ ಆರಂಭದಲ್ಲಿ ನಿಂತುಹೋಯಿತು. 2014ರಲ್ಲಿ ಬಂದ ಮುಂಬೈ ಸಿಟಿ ಎಫ್‌ಸಿ ಮೊದಲು ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ, ಬಳಿಕ ಅಂಧೇರಿಯ ಮುಂಬೈ ಫುಟ್‌ಬಾಲ್ ಅರೀನಾದಲ್ಲಿ ನೆಲೆ ಕಂಡಿತು. ಕಾಕತಾಳೀಯವೆಂಬಂತೆ 2019ರ ಮಾರ್ಚ್ 17ರಂದು ಬೆಂಗಳೂರು ಎಫ್‌ಸಿ ತನ್ನ ಮೊದಲ ಐಎಸ್‌ಎಲ್ ಕಿರೀಟ ಗೆದ್ದದ್ದು ಅಂಧೇರಿಯಲ್ಲೇ. ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ಹೊಡೆದ ಹೆಡರ್ ಪಂದ್ಯದ ಏಕೈಕ ಗೋಲು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಕಪ್ ಎತ್ತಿದ ನಗರವೂ ಮುಂಬೈಯೇ.

ಅಶೋಕನಗರದಲ್ಲಿ ಈಗ

ದೊಡ್ಡ ಕ್ಲಬ್ ಹೋದ ಮೇಲೆ ಸ್ಟೇಡಿಯಂಗೆ ಬೀಗ ಬೀಳಲಿಲ್ಲ. ಬೆಂಗಳೂರು ಜಿಲ್ಲಾ ಸಂಸ್ಥೆಯ ಸೂಪರ್ ಡಿವಿಷನ್ ಲೀಗ್ ಪಂದ್ಯಗಳು ಇಲ್ಲೇ ನಡೆಯುತ್ತಾ ಬಂದಿವೆ. ನಿಂತುಹೋಗಿದ್ದ ಸ್ಟಾಫರ್ಡ್ ಕಪ್‌ಗೆ 2023ರಲ್ಲಿ ಮರುಜೀವ ಸಿಕ್ಕಿತು. ಲೀಗ್ ಪಂದ್ಯಗಳಿಗೆ ಬರುವವರು ವಿರಳ: ಆಟಗಾರರ ಮನೆಯವರು, ಗೆಳೆಯರು, ನಿವೃತ್ತ ಆಟಗಾರರು. ಟಿವಿ ಕ್ಯಾಮೆರಾಗಳ ಭರಾಟೆ ಇಲ್ಲ. ಆದರೂ ರಾಜ್ಯ ತಂಡದ ಆಯ್ಕೆಗೆ ಕಣ್ಣಿಟ್ಟ ಹುಡುಗರು ತಮ್ಮ ಆಟ ತೋರಿಸಬೇಕಾದದ್ದು ಇಂಥ ಪಂದ್ಯಗಳಲ್ಲೇ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿತು. ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್ ಗೋಲು ಹೊಡೆದವರು. 54 ವರ್ಷಗಳ ನಂತರ ಬಂದ ಟ್ರೋಫಿ, ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲನೆಯದು. ಕ್ರಿಕೆಟ್‌ನಲ್ಲಿ ರಣಜಿ ಗೆದ್ದಾಗ ಸಿಗುವ ಪ್ರಚಾರದ ಕಾಲು ಭಾಗವೂ ಇದಕ್ಕೆ ಸಿಗಲಿಲ್ಲ ಎಂಬ ಕೊರಗು ಫುಟ್‌ಬಾಲ್ ವಲಯದಲ್ಲಿದೆ. ಅದರಲ್ಲಿ ಸುಳ್ಳೇನಿಲ್ಲ.

ಮರುವರ್ಷ ಎಸ್‌ಸಿ ಬೆಂಗಳೂರು ತಂಡ ಐ-ಲೀಗ್ 2 ಗೆದ್ದು 2024-25ರ ಐ-ಲೀಗ್‌ಗೆ ಬಡ್ತಿ ಪಡೆಯಿತು. ತವರಿನ ಪಂದ್ಯಗಳಿಗೆ ಅದು ಆರಿಸಿಕೊಂಡದ್ದು ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಬೆಂಗಳೂರು ಎಫ್‌ಸಿ ಹೊರನಡೆದ ಹತ್ತು ವರ್ಷಗಳ ಬಳಿಕ ಅಶೋಕನಗರದ ಪಶ್ಚಿಮ ಗ್ಯಾಲರಿಯ ಮುಂದೆ ಮತ್ತೆ ಐ-ಲೀಗ್ ಚೆಂಡು ಉರುಳಿತು.