ರುತ್‌ವೆಲ್ ಶಿಲುಬೆ

ಸ್ಕಾಟ್ಲೆಂಡಿನ ದಕ್ಷಿಣ ಅಂಚಿನ ಡಂಫ್ರೀಸ್‌ಶೈರ್ ಸೀಮೆಯಲ್ಲಿ ರುತ್‌ವೆಲ್ ಎಂಬ ಸಣ್ಣ ಊರಿದೆ. ಅಲ್ಲಿನ ಚರ್ಚಿನೊಳಗೆ ನಿಂತಿರುವ ಸುಮಾರು 5.5 ಮೀಟರ್ ಎತ್ತರದ ಕಲ್ಲಿನ ಶಿಲುಬೆ 8ನೇ ಶತಮಾನದ ಕೆತ್ತನೆ. ಆಗ ಈ ಸೀಮೆ ನಾರ್ತಂಬ್ರಿಯಾ ರಾಜ್ಯಕ್ಕೆ ಸೇರಿತ್ತು. ಅಗಲವಾದ ಎರಡು ಮುಖಗಳಲ್ಲಿ ಬೈಬಲ್ಲಿನ ಮತ್ತು ಸಂತರ ಕಥೆಗಳಿವೆ: ಮೃಗಗಳ ಮೇಲೆ ಪಾದವಿಟ್ಟು ನಿಂತ ಕ್ರಿಸ್ತ, ಅವನ ಕಾಲು ತೊಳೆಯುವ ಹೆಂಗಸು, ಮರುಭೂಮಿಯಲ್ಲಿ ರೊಟ್ಟಿ ಮುರಿಯುವ ಪಾಲ್ ಮತ್ತು ಆಂಟನಿ. ಇವುಗಳ ಸುತ್ತ ಲ್ಯಾಟಿನ್ ಬರಹ. ಕಿರಿದಾದ ಪಕ್ಕಗಳಲ್ಲಿ ಬಳ್ಳಿ, ಹಣ್ಣು ತಿನ್ನುವ ಹಕ್ಕಿ ಮತ್ತು ಪ್ರಾಣಿಗಳು. ಅಂಚಿನುದ್ದಕ್ಕೂ ರೂನ್ ಲಿಪಿಯ ಸಾಲುಗಳು.

ಮುಂದೆ ಬಂದ ಪ್ರೊಟೆಸ್ಟೆಂಟ್ ಸುಧಾರಣಾವಾದಿಗಳ ಕಣ್ಣಿಗೆ ಇದೆಲ್ಲ ವಿಗ್ರಹಾರಾಧನೆ. ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆ 1640ರಲ್ಲಿ ಇಂಥ ಸ್ಮಾರಕಗಳನ್ನು ಕೆಡವಲು ಆಜ್ಞೆ ಮಾಡಿತು. 1642ರಲ್ಲಿ ಶಿಲುಬೆ ಉರುಳಿತು. ಒಡೆದರೂ ಅದನ್ನು ಪುಡಿಮಾಡಲಿಲ್ಲ ಎಂಬುದೇ ದೊಡ್ಡ ಪುಣ್ಯ. ತುಂಡುಗಳು ಬಹುಕಾಲ ಚರ್ಚಿನ ನೆಲದಲ್ಲೇ ಬಿದ್ದಿದ್ದು, 18ನೇ ಶತಮಾನದ ಕೊನೆಯ ಹೊತ್ತಿಗೆ ಹೊರಗಿನ ಸಮಾಧಿ ಅಂಗಳ ಸೇರಿದವು.

ಅವುಗಳನ್ನು ಒಟ್ಟುಗೂಡಿಸಿದವನು ಪಾದ್ರಿ ಹೆನ್ರಿ ಡಂಕನ್. 1810ರಲ್ಲಿ ಇದೇ ಊರಲ್ಲಿ ಬಡವರಿಗಾಗಿ ಉಳಿತಾಯ ಬ್ಯಾಂಕ್ ತೆರೆದವನೂ ಇವನೇ. 1823ರಲ್ಲಿ ಶಿಲುಬೆ ಅವನ ಮನೆಯ ತೋಟದಲ್ಲಿ ಮತ್ತೆ ಎದ್ದು ನಿಂತಿತು. ಮೂಲದ ಅಡ್ಡತೋಳು ಸಿಗದ್ದರಿಂದ ಡಂಕನ್ ಹೊಸದೊಂದನ್ನು ಮಾಡಿಸಿದ. ಇಂದು ಕಾಣುವ ತೋಳುಗಳ ಕೆತ್ತನೆ ಅವನ ಕಾಲದ್ದೇ ಹೊರತು ಮಧ್ಯಯುಗದ್ದಲ್ಲ. ತುದಿಯ ಕಲ್ಲೂ ಹಿಂದುಮುಂದಾಗಿ ಕೂತಿದೆ.

ರೂನ್ ಲಿಪಿಯನ್ನು ಓದುವುದು ಕಲ್ಲನ್ನು ಜೋಡಿಸುವುದಕ್ಕಿಂತ ಕಷ್ಟವಾಯಿತು. ಐಸ್‌ಲೆಂಡ್ ಮೂಲದ ವಿದ್ವಾಂಸ ರೆಪ್ 1830ರ ದಶಕದಲ್ಲಿ ಇದನ್ನು ದತ್ತಿಯ ದಾಖಲೆಯೆಂದು ಓದಿದ. 1840ರಲ್ಲಿ ಇಂಗ್ಲಿಷ್ ವಿದ್ವಾಂಸ ಜಾನ್ ಕೆಂಬಲ್, ಇದು ಹಳೆಯ ಇಂಗ್ಲಿಷಿನ ಪದ್ಯ, ಕ್ರಿಸ್ತನ ಮರಣವನ್ನು ಶಿಲುಬೆಯೇ ಹೇಳುತ್ತಿದೆ ಎಂದು ತೋರಿಸಿದ. ಇಟಲಿಯ ವೆರ್ಚೆಲ್ಲಿಯಲ್ಲಿ ದೊರೆತಿದ್ದ 10ನೇ ಶತಮಾನದ ಹಸ್ತಪ್ರತಿಯ ‘ದಿ ಡ್ರೀಮ್ ಆಫ್ ದಿ ರೂಡ್’ ಕವಿತೆಯ ಸಾಲುಗಳು ಈ ಬರಹಕ್ಕೆ ತಾಳೆಯಾದಾಗ ಕೆಂಬಲ್‌ನ ಓದು ಗಟ್ಟಿಯಾಯಿತು. ಕಲ್ಲು ಹಸ್ತಪ್ರತಿಗಿಂತ ಸುಮಾರು ಎರಡು ಶತಮಾನ ಹಳೆಯದು. ಆದರೆ ರೂನ್ ಸಾಲುಗಳನ್ನು ಚಿತ್ರಗಳ ಜೊತೆಗೇ ಕೊರೆದರೋ, ಆಮೇಲೆ ಸೇರಿಸಿದರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಮಳೆ ಗಾಳಿಗೆ ಕೆತ್ತನೆ ಸವೆಯುವುದನ್ನು ತಡೆಯಲು 1887ರಲ್ಲಿ ಶಿಲುಬೆಯನ್ನು ಚರ್ಚಿನೊಳಗೆ ತಂದರು. ಅದಕ್ಕಾಗಿಯೇ ಕಟ್ಟಡಕ್ಕೆ ಒಂದು ಭಾಗ ಸೇರಿಸಿ, ಎತ್ತರ ಹೊಂದುವಂತೆ ನೆಲವನ್ನೂ ತಗ್ಗಿಸಿದರು.