ಆ್ಯಪ್ ಚಂದಾ: ಬೆಲೆ ಏರಿದಾಗ ಯಾರ ಒಪ್ಪಿಗೆ?

ಭದ್ರಾವತಿಯ ನ್ಯೂ ಟೌನ್ 1918ರಲ್ಲಿ ಸ್ಥಾಪನೆಯಾದ ಕಬ್ಬಿಣದ ಕಾರ್ಖಾನೆಯ, ಅಂದರೆ ಈಗಿನ ವಿಐಎಸ್‌ಎಲ್‌ನ, ನೆರಳಲ್ಲಿ ಬೆಳೆದ ಊರು. ಇಲ್ಲಿನ ನಿವೃತ್ತರ ಮನೆಗೆ ಪತ್ರಿಕೆ ಬರುವ ರೀತಿ ಸರಳ: ತಿಂಗಳು ಮುಗಿದ ಮೇಲೆ ದುಡ್ಡು, ಬೇಡವಾದರೆ ಪೇಪರ್ ಹುಡುಗನಿಗೆ ಒಂದು ಮಾತು. ಮೊಬೈಲಿನ ಚಂದಾ ಇದಕ್ಕೆ ತಲೆಕೆಳಗು. ದುಡ್ಡು ಮೊದಲೇ ಹೋಗುತ್ತದೆ, ಬೇಡವೆನ್ನುವ ಹೊಣೆ ಗ್ರಾಹಕರ ಮೇಲೆ. ಆ್ಯಪನ್ನು ಫೋನಿನಿಂದ ಅಳಿಸಿದರೂ ಚಂದಾ ನಿಲ್ಲುವುದಿಲ್ಲ.

ಚಂದಾ ಕುರಿತ ಸಾರ್ವಜನಿಕ ಚರ್ಚೆಯೆಲ್ಲ ನಡೆದಿರುವುದು ಆ್ಯಪ್ ಕಂಪನಿಗಳಿಂದ ಸ್ಟೋರ್ ಪಡೆಯುವ ಕಮಿಷನ್ ಕುರಿತು. ಪ್ಲೇ ಸ್ಟೋರ್‌ನ ಬಿಲ್ಲಿಂಗ್ ನಿಯಮಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ನಡುವೆ, 2024ರ ಮಾರ್ಚ್ 1ರಂದು, ಇದೇ ಶುಲ್ಕದ ತಕರಾರಿನಲ್ಲಿ, ಭಾರತ್ ಮ್ಯಾಟ್ರಿಮನಿಯಂಥ ಆ್ಯಪ್‌ಗಳು ಸ್ಟೋರ್‌ನಿಂದ ಮಾಯವಾಗಿ, ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಮರಳಿದವು. ಬೇರೆ ಬಿಲ್ಲಿಂಗ್ ಬಳಸುವ ಆ್ಯಪ್‌ಗೆ ಗೂಗಲ್ ಕೊಟ್ಟ ರಿಯಾಯಿತಿ ಶೇ 4 ಅಂಶ ಮಾತ್ರ. ಚಂದಾದ ಮೇಲಿನ ಶೇ 15 ಶುಲ್ಕ ಶೇ 11ಕ್ಕೆ ಇಳಿಯುತ್ತದೆ. ಪಾವತಿ ಸಂಸ್ಥೆಯ ಖರ್ಚು ಕಳೆದರೆ ಗ್ರಾಹಕರಿಗೆ ದಾಟಿಸಲು ಉಳಿಯುವುದು ಪುಡಿಗಾಸು.

ನನ್ನ ದೃಷ್ಟಿಯಲ್ಲಿ ಗ್ರಾಹಕರಿಗೆ ಹೆಚ್ಚು ತಟ್ಟುವುದು ಇನ್ನೊಂದು ನಿಯಮ. ಬೆಲೆ ಏರಿದಾಗ ಸುಮ್ಮನಿದ್ದರೆ ಏನಾಗುತ್ತದೆ? ಆ್ಯಪಲ್‌ನಲ್ಲಿ ಮೊದಲು ಒಪ್ಪಿಗೆ ಕೊಡದಿದ್ದರೆ ಚಂದಾ ನಿಲ್ಲುತ್ತಿತ್ತು. 2022ರ ಮೇ ತಿಂಗಳಲ್ಲಿ ಅದು ಬದಲಾಯಿತು: ಏರಿಕೆ ವರ್ಷಕ್ಕೊಮ್ಮೆ ಮಾತ್ರ, ಶೇ 50 ಮತ್ತು ಸುಮಾರು 5 ಡಾಲರ್ (ವಾರ್ಷಿಕ ಚಂದಾಕ್ಕೆ 50 ಡಾಲರ್) ಮೀರದಂತೆ ಇದ್ದು, ಸ್ಥಳೀಯ ಕಾನೂನು ಒಪ್ಪಿದರೆ, ಸೂಚನೆ ಕೊಟ್ಟರೆ ಸಾಕು. ಹಿಂದೆ ಮೌನವೆಂದರೆ ನಿರಾಕರಣೆ, ಈಗ ಸಮ್ಮತಿ.

ನಮ್ಮಲ್ಲಿ ಇದಕ್ಕೆ ತಡೆಗೋಡೆ ಸ್ಟೋರ್‌ನದ್ದಲ್ಲ, ರಿಸರ್ವ್ ಬ್ಯಾಂಕಿನದು. 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಇ-ಮ್ಯಾಂಡೇಟ್ (ಹಣ ತಾನಾಗಿ ಕಡಿತವಾಗಲು ಗ್ರಾಹಕರು ಕೊಡುವ ಅನುಮತಿ) ನಿಯಮದಂತೆ, ಹಣ ಕಡಿತಕ್ಕೆ 24 ಗಂಟೆ ಮೊದಲೇ ಮೊತ್ತ, ದಿನಾಂಕ, ಕಂಪನಿಯ ಹೆಸರು ತಿಳಿಸಬೇಕು. ಬೇಡವೆನ್ನಲು ದಾರಿ ಇರಬೇಕು. ಆದರೆ ಇಲ್ಲೊಂದು ಸಂದಿ ಇದೆ. ಮ್ಯಾಂಡೇಟ್ ನಿಗದಿತ ಮೊತ್ತಕ್ಕೂ ಇರಬಹುದು, ಗರಿಷ್ಠ ಮಿತಿಯೊಳಗೆ ಬದಲಾಗುವ ಮೊತ್ತಕ್ಕೂ ಇರಬಹುದು. ಯುಪಿಐ ಆಟೋಪೇ ಪರದೆಯಲ್ಲಿ ಚಂದಾ 99 ರೂಪಾಯಿ ಇದ್ದು ಮಿತಿ 500 ಎಂದಿದ್ದರೆ, 99 ನಾಳೆ 149 ಆದರೂ ಮತ್ತೆ ಪಿನ್ ಕೇಳಬೇಕಿಲ್ಲ. ಉಳಿಯುವ ರಕ್ಷಣೆ ಆ ಒಂದು ಸಂದೇಶ. ಜಾಹೀರಾತು ಎಸ್‌ಎಂಎಸ್‌ಗಳ ರಾಶಿಯಲ್ಲಿ ಅದನ್ನು ಯಾರು ಓದುತ್ತಾರೆ?

ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿತಪ್ಪಿಸುವ ವಿನ್ಯಾಸ, ಕುರಿತ 2023ರ ನವೆಂಬರ್ 30ರ ಸರ್ಕಾರಿ ಮಾರ್ಗಸೂಚಿ ‘ಚಂದಾ ಬಲೆ’ಯನ್ನು ಹೆಸರಿಸುತ್ತದೆ. ಆದರೆ ಆ ವ್ಯಾಖ್ಯೆ ಹೇಳುವುದು ರದ್ದತಿಯನ್ನು ಕಷ್ಟವಾಗಿಸುವುದು, ಅಡಗಿಸುವುದು, ಉಚಿತ ಚಂದಾಕ್ಕೂ ಆಟೋ ಡೆಬಿಟ್ ಅನುಮತಿ ಕೇಳುವುದು ಇವುಗಳನ್ನು. ಮಿತಿಯೊಳಗಿನ ಮೌನ ಏರಿಕೆ ಅದರಲ್ಲಿ ಇಲ್ಲ. ರದ್ದಾಗದ ಚಂದಾದ ಬಗ್ಗೆ ನ್ಯೂ ಟೌನ್‌ನವರು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಏರಿದ 50 ರೂಪಾಯಿಗೆ ಆ ದಾರಿ ಉದ್ದವಾಯಿತು. ಮ್ಯಾಂಡೇಟಿನ ಮಿತಿಯನ್ನು ಚಂದಾದ ಬೆಲೆಗೇ ಕಟ್ಟಿಹಾಕುವ ನಿಯಮ ಬಂದರೆ ಅಲ್ಲಿಗೆ ಹೋಗುವ ಅಗತ್ಯವೇ ಇರದು.